ಪ್ರಾರ್ಥಿಸುವ ಮನೆಯೇ ಧರ್ಮಕೇಂದ್ರದ ಅಡಿಗಲ್ಲು

(ಶತಮಾನೋತ್ಸವದ ಅಂಗವಾಗಿ ಜರುಗಿದ ಕುಟುಂಬ ಸಮಾವೇಶದಲ್ಲಿ ನೀಡಿದ ಉಪನ್ಯಾಸ)



ನಮ್ಮ ಈ ದೇವಾಲಯಕ್ಕೆ ನೂರು ವರ್ಷಗಳು ತುಂಬಿದ ಸಂತೋಷದಲ್ಲಿ ನಾವೆಲ್ಲರೂ ಇಂದು ಇಲ್ಲಿ ನೆರೆದಿದ್ದೇವೆ. ಗೋಡೆಗಳಿಗೆ ಹೊಸ ಬಣ್ಣ ಬಂದಿದೆ, ಗೋಪುರಕ್ಕೆ ದೀಪಾಲಂಕಾರವಾಗಿದೆ, ಹಳೆಯ ಗಂಟೆ ಮತ್ತೆ ಇಂಪಾಗಿ ಮೊಳಗುತ್ತಿದೆ. ಕಲ್ಲು ಹೊತ್ತವರನ್ನೂ ಗಾರೆ ಅರೆದವರನ್ನೂ, ತಮ್ಮ ಕಷ್ಟದ ದುಡಿಮೆಯಲ್ಲಿ ಒಂದು ಪಾಲನ್ನು ತೆಗೆದಿಟ್ಟವರನ್ನೂ ನಾವು ಕೃತಜ್ಞತೆಯಿಂದ ನೆನೆದಿದ್ದೇವೆ. ಅದು ಯುಕ್ತವೇ ಸರಿ. ಆದರೆ ಈ ಗುಡಿ ಏಳುವುದಕ್ಕೆ ಮೊದಲು ಏನಿತ್ತು ಎಂಬ ಪ್ರಶ್ನೆಯನ್ನು ನಾವು ಒಮ್ಮೆ ಕೇಳಿಕೊಳ್ಳಬೇಕು. ಗುಡಿಗೆ ಮೊದಲು ಮನೆಗಳಿದ್ದವು. ಆ ಮನೆಗಳಲ್ಲಿ ಮುಸ್ಸಂಜೆಯ ದೀಪದ ಮುಂದೆ ಮೊಣಕಾಲೂರಿ ಜಪ ಮಾಡುವ ತಂದೆತಾಯಿಗಳಿದ್ದರು, ಅವರ ಪಕ್ಕದಲ್ಲಿ ತೂಕಡಿಸುತ್ತಲೇ ಉತ್ತರ ಹೇಳುವ ಮಕ್ಕಳಿದ್ದರು. ಮೊದಲು ಪ್ರಾರ್ಥಿಸುವ ಜನರು, ಅನಂತರ ಪ್ರಾರ್ಥನಾಲಯ. ಕಟ್ಟಡದ ಅಡಿಗಲ್ಲನ್ನು ಆಶೀರ್ವದಿಸುವ ಮುನ್ನವೇ ಈ ಧರ್ಮಕೇಂದ್ರದ ಅಡಿಗಲ್ಲು ಆ ಮನೆಗಳಲ್ಲಿ ಇಡಲ್ಪಟ್ಟಿತ್ತು.

ಹೀಗಿರುವಾಗ, ಗುಡಿ ಹೊಸದಾಗಿ ಕಾಣುತ್ತಿರುವ ಈ ದಿನದಲ್ಲಿ ಆ ಮೂಲದ ಅಡಿಗಲ್ಲು ಯಾವ ಸ್ಥಿತಿಯಲ್ಲಿದೆ ಎಂಬುದನ್ನು ನಾವು ಪರೀಕ್ಷಿಸಿ ನೋಡಬೇಡವೇ?

ಶತಮಾನೋತ್ಸವದ ವಂತಿಗೆಗಾಗಿ ನಾವು ಕೆಲವರು ಮನೆಮನೆಗೆ ಹೋಗಿದ್ದೆವು. ಒಂದು ಮನೆಯಲ್ಲಿ ನಮ್ಮನ್ನು ಆದರದಿಂದ ಬರಮಾಡಿಕೊಂಡರು, ಉದಾರವಾಗಿ ಕಾಣಿಕೆ ಕೊಟ್ಟರು. ನಡುಮನೆಯಲ್ಲಿ ಟೆಲಿವಿಷನ್ ಗಟ್ಟಿಯಾಗಿ ಮಾತನಾಡುತ್ತಿತ್ತು. ಮಕ್ಕಳ ಕೈಯಲ್ಲಿ ಮೊಬೈಲುಗಳಿದ್ದವು. ಒಳಗಿನಿಂದ ಸಣ್ಣ ದನಿಯೊಂದು ಕೇಳಿಬಂತು. ಅಡುಗೆಮನೆಯ ಮೂಲೆಯಲ್ಲಿ ಮನೆಯ ಅಜ್ಜಿ ಒಬ್ಬರೇ ಕುಳಿತು ಜಪಸರ ಮಾಡುತ್ತಿದ್ದರು. ಜಪ ಮುಗಿದ ಮೇಲೆ ನಾವು ಅವರನ್ನು ಮಾತನಾಡಿಸಿದಾಗ ಅವರು ದೂರುವ ದನಿಯಲ್ಲಿ ಅಲ್ಲ, ಸಹಜವಾಗಿಯೇ ಹೇಳಿದರು: “ಮೊದಲಿನ ಅರ್ಧವನ್ನೂ ನಾನೇ ಹೇಳುತ್ತೇನಪ್ಪ, ಉತ್ತರವನ್ನೂ ನಾನೇ ಹೇಳಿಕೊಳ್ಳುತ್ತೇನೆ.” ನಮ್ಮಲ್ಲಿ ಯಾರಿಗೂ ಮಾತು ಹೊರಡಲಿಲ್ಲ. ಏಕೆಂದರೆ ಆ ಮನೆಯವರನ್ನು ಟೀಕಿಸುವ ಅರ್ಹತೆ ನಮಗಿರಲಿಲ್ಲ. ನಮ್ಮ ನಮ್ಮ ಮನೆಗಳಲ್ಲಿಯೂ ಯಾರೋ ಒಬ್ಬರು ಎರಡೂ ಅರ್ಧಗಳನ್ನು ತಾವೇ ಹೇಳಿಕೊಳ್ಳುತ್ತಿರುವುದು ನಮಗೆ ನೆನಪಾಯಿತು. ಈ ಉಪನ್ಯಾಸಕ್ಕೆ ವಿಷಯ ದೊರೆತದ್ದು ಆ ಸಂಜೆಯೇ.

ಪ್ರಾರ್ಥನೆ ಎಂದರೇನು?

ಪ್ರಾರ್ಥನೆಯೆಂದರೆ ದೇವರ ಮುಂದೆ ನಮ್ಮ ಬೇಡಿಕೆಗಳ ಪಟ್ಟಿಯನ್ನು ಓದಿ ಹೇಳುವುದು ಎಂದು ನಮ್ಮಲ್ಲಿ ಅನೇಕರು ಭಾವಿಸಿದ್ದೇವೆ. ಸಂಕಟ ಬಂದಾಗ ವೆಂಕಟರಮಣ ಎಂಬ ನಾಡಗಾದೆ ಕ್ರೈಸ್ತರಾದ ನಮಗೂ ಚೆನ್ನಾಗಿಯೇ ಒಪ್ಪುತ್ತದೆ. ಪರೀಕ್ಷೆ, ಕಾಯಿಲೆ, ಕೋರ್ಟಿನ ವ್ಯಾಜ್ಯ, ಮಗಳ ಮದುವೆ, ಇವು ಬಂದಾಗ ನವದಿನಗಳ ಪ್ರಾರ್ಥನೆಗೆ ಓಡುತ್ತೇವೆ. ಕಾರ್ಯ ಮುಗಿದ ಮೇಲೆ ದೇವರಿಗೂ ನಮಗೂ ಮಾತುಕತೆ ಮುಗಿಯಿತು. ಕೇಳುವುದು ತಪ್ಪಲ್ಲ. ಕೇಳಿರಿ ಎಂದು ಯೇಸುಸ್ವಾಮಿಯೇ ನಮಗೆ ಧೈರ್ಯ ಕೊಟ್ಟಿದ್ದಾರೆ. ಆದರೆ ಹಣ ಬೇಕಾದಾಗ ಮಾತ್ರ ತಂದೆಯ ಬಳಿಗೆ ಬರುವ ಮಗನನ್ನು ಕುರಿತು ನಾವು ಏನೆನ್ನುತ್ತೇವೆ?

ಸ್ಪೇನ್ ದೇಶದ ಆವಿಲಾ ನಗರದ ಸಂತ ತೆರೇಸಾ (1515–1582) ಪ್ರಾರ್ಥನೆಯ ವಿಷಯದಲ್ಲಿ ಧರ್ಮಸಭೆಯ ಮಹಾಪಂಡಿತರೆಂದು ಮಾನ್ಯರಾದವರು. ಅವರ ದೃಷ್ಟಿಯಲ್ಲಿ ಪ್ರಾರ್ಥನೆ ಒಂದು ಸ್ನೇಹದ ಸಂಭಾಷಣೆ; ನಮ್ಮನ್ನು ಪ್ರೀತಿಸುವರೆಂದು ನಮಗೆ ಖಚಿತವಾಗಿ ತಿಳಿದಿರುವವರೊಡನೆ ಏಕಾಂತದಲ್ಲಿ ಆಗಾಗ ಕಳೆಯುವ ಸಮಯ. ಫ್ರಾನ್ಸಿನ ಆರ್ಸ್ ಗ್ರಾಮದ ಗುರುಗಳಾಗಿದ್ದ ಸಂತ ಜಾನ್ ಮರಿಯ ವಿಯಾನ್ನಿ (1786–1859) ಅವರ ಕಾಲದಲ್ಲಿ ಒಬ್ಬ ಬೇಸಾಯಗಾರ ಪ್ರತಿದಿನ ಗುಡಿಗೆ ಬಂದು ಪರಮಪ್ರಸಾದದ ಮುಂದೆ ಬಹಳ ಹೊತ್ತು ಸುಮ್ಮನೆ ಕುಳಿತಿರುತ್ತಿದ್ದನಂತೆ. ತುಟಿ ಅಲುಗದು, ಕೈಯಲ್ಲಿ ಪುಸ್ತಕವಿಲ್ಲ. ಅವನು ಏನು ಮಾಡುತ್ತಾನೆಂದು ಗುರುಗಳು ವಿಚಾರಿಸಿದಾಗ, ತಾನು ಸ್ವಾಮಿಯನ್ನು ನೋಡುತ್ತಿರುವುದಾಗಿಯೂ ಸ್ವಾಮಿ ತನ್ನನ್ನು ನೋಡುತ್ತಿರುವುದಾಗಿಯೂ ಅವನು ತಿಳಿಸಿದ. ಅಕ್ಷರ ಬಲ್ಲವರಿಗಾಗಲಿ ಬಾರದವರಿಗಾಗಲಿ ಪ್ರಾರ್ಥನೆಯ ಬಾಗಿಲು ಸಮಾನವಾಗಿ ತೆರೆದಿದೆ ಎಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ಬೇಕೇ?

ಯೇಸುಸ್ವಾಮಿಯೇ ನಮ್ಮ ಗುರು

ಪ್ರಾರ್ಥನೆಯ ಪಾಠವನ್ನು ನಾವು ಕಲಿಯಬೇಕಾದುದು ಯೇಸುಸ್ವಾಮಿಯಿಂದ. ಶುಭಸಂದೇಶಗಳನ್ನು ಗಮನವಿಟ್ಟು ಓದಿದವರಿಗೆ ಅವರ ದಿನಚರಿಯಲ್ಲಿ ಪ್ರಾರ್ಥನೆಗೆ ದೊರೆತ ಸ್ಥಾನ ಎದ್ದು ಕಾಣುತ್ತದೆ. ದೀಕ್ಷಾಸ್ನಾನ ಪಡೆದ ಸಮಯದಲ್ಲಿ ಅವರು ಪ್ರಾರ್ಥಿಸುತ್ತಿದ್ದರೆಂದು ಸಂತ ಲೂಕರು ಬರೆಯುತ್ತಾರೆ. ಹನ್ನೆರಡು ಮಂದಿ ಪ್ರೇಷಿತರನ್ನು ಆರಿಸುವ ಹಿಂದಿನ ರಾತ್ರಿಯನ್ನೆಲ್ಲ ಅವರು ಬೆಟ್ಟದ ಮೇಲೆ ಪ್ರಾರ್ಥನೆಯಲ್ಲಿ ಕಳೆದರು. ಕಫೆರ್ನವುಮಿನಲ್ಲಿ ಸಂಜೆ ಸೂರ್ಯ ಮುಳುಗಿದ ಮೇಲೆ ರೋಗಿಗಳು ಮನೆಯ ಬಾಗಿಲಲ್ಲಿ ಮುತ್ತಿಕೊಂಡಿದ್ದರು. ಮರುದಿನ ಇನ್ನೂ ಕತ್ತಲಿರುವಾಗಲೇ ಎದ್ದು ಅವರು ನಿರ್ಜನ ಸ್ಥಳಕ್ಕೆ ಹೋಗಿ ಪ್ರಾರ್ಥಿಸಿದರು. ಕೆಲಸ ಹೆಚ್ಚಾದಷ್ಟೂ ನಾವು ಪ್ರಾರ್ಥನೆಯನ್ನು ಕಡಿಮೆ ಮಾಡುತ್ತೇವೆ. ಕೆಲಸ ಹೆಚ್ಚಾದಾಗಲೇ ಅವರು ಪ್ರಾರ್ಥನೆಗಾಗಿ ನಿದ್ರೆಯನ್ನು ಬಿಟ್ಟರು.

ಶಿಷ್ಯರು ಅವರ ಬಳಿಗೆ ಬಂದು ಬೇಡಿದ್ದಾದರೂ ಏನು? ಪ್ರಾರ್ಥಿಸುವುದನ್ನು ತಮಗೆ ಕಲಿಸಿಕೊಡಬೇಕೆಂದು ಬೇಡಿದರು. ಅವರು ಪ್ರಾರ್ಥಿಸುತ್ತಿದ್ದುದನ್ನು ಕಣ್ಣಾರೆ ಕಂಡ ಮೇಲೆಯೇ ಶಿಷ್ಯರಿಗೆ ಆ ಆಸೆ ಹುಟ್ಟಿತು ಎಂಬುದನ್ನು ತಂದೆತಾಯಿಗಳಾದ ನಾವು ಮರೆಯಬಾರದು. ಪ್ರಾರ್ಥಿಸುವವರನ್ನು ಕಂಡವರಿಗೆ ಪ್ರಾರ್ಥನೆಯ ಹಸಿವು ಉಂಟಾಗುತ್ತದೆ. ಬರಿಯ ಅಪ್ಪಣೆಯಿಂದ ಅದು ಉಂಟಾಗುವುದಿಲ್ಲ.

ಇಷ್ಟೇ ಅಲ್ಲ, ನಮ್ಮ ಸ್ವಾಮಿಯೂ ಒಂದು ಮನೆಯಲ್ಲಿ ಬೆಳೆದವರು. ನಜರೇತಿನ ಆ ಬಡ ಬಡಗಿಯ ಕುಟುಂಬ ವರ್ಷ ವರ್ಷವೂ ಪಾಸ್ಕ ಹಬ್ಬಕ್ಕೆ ಜೆರುಸಲೇಮಿಗೆ ಯಾತ್ರೆ ಹೋಗುತ್ತಿತ್ತು. ಶಿಲುಬೆಯ ಮೇಲೆ ತೂಗುತ್ತಿದ್ದಾಗ ಯೇಸುಸ್ವಾಮಿಯ ಬಾಯಿಂದ ಬಂದ ಕೀರ್ತನೆಯ ಮಾತುಗಳು ಬಾಲ್ಯದಿಂದ ಅವರ ಕಿವಿಯಲ್ಲಿ ನೆಲೆಗೊಂಡಿದ್ದ ಮಾತುಗಳೇ ಆಗಿರಬೇಕು. ಮನೆಯಲ್ಲಿ ಕಲಿತ ಜಪ ಮರಣದ ಘಳಿಗೆಯಲ್ಲಿ ತಾನಾಗಿ ನಾಲಗೆಗೆ ಬರುತ್ತದೆ. ಸಾಯುವವರ ಹಾಸಿಗೆಯ ಬಳಿ ಕುಳಿತವರಿಗೆಲ್ಲ ಇದು ಅನುಭವದ ಮಾತು. ಮಕ್ಕಳ ಹೆಸರು ಮರೆತುಹೋದ ವೃದ್ಧರು ಕೂಡ ‘ನಮೋ ಮರಿಯಾ’ ಎಂದು ಯಾರಾದರೂ ಆರಂಭಿಸಿದರೆ ತುಟಿಯಾಡಿಸುವುದನ್ನು ನಾವು ಕಂಡಿಲ್ಲವೇ?

ತುಟಿಯ ಜಪ, ಹೃದಯದ ಜಪ

ಆದರೆ ನಾಲಗೆಗೆ ಅಭ್ಯಾಸವಾದುದೆಲ್ಲ ಪ್ರಾರ್ಥನೆಯಾಗಲಾರದು. ಫರಿಸಾಯನೂ ಸುಂಕದವನೂ ಒಂದೇ ದೇವಾಲಯಕ್ಕೆ ಪ್ರಾರ್ಥನೆಗಾಗಿಯೇ ಹೋದರು. ಒಬ್ಬನು ತನ್ನ ಉಪವಾಸವನ್ನೂ ದಶಾಂಶವನ್ನೂ ದೇವರಿಗೆ ಲೆಕ್ಕ ಒಪ್ಪಿಸಿದನು. ಇನ್ನೊಬ್ಬನು ತಲೆ ಎತ್ತಲೂ ಅಂಜಿ, ದೂರದಲ್ಲಿ ನಿಂತು ಎದೆ ಬಡಿದುಕೊಂಡನು. ದೇವರ ಮುಂದೆ ನೀತಿವಂತನಾಗಿ ಮನೆಗೆ ಹೋದವನು ಎರಡನೆಯವನೇ. ಹಳೆಯ ಒಡಂಬಡಿಕೆಯ ಹನ್ನಳನ್ನು ನೆನೆಯಿರಿ. ಮಕ್ಕಳಿಲ್ಲದ ದುಃಖದಲ್ಲಿ ಅವಳು ಶಿಲೋವಿನ ಗುಡಿಯಲ್ಲಿ ಪ್ರಾರ್ಥಿಸಿದಾಗ ತುಟಿಗಳು ಮಾತ್ರ ಅಲುಗುತ್ತಿದ್ದವು, ದನಿ ಕೇಳಿಸುತ್ತಿರಲಿಲ್ಲ. ಯಾಜಕ ಏಲಿ ಅವಳನ್ನು ಕುಡಿದವಳೆಂದೇ ತಿಳಿದ. ಮನುಷ್ಯನ ಕಿವಿಗೆ ಕೇಳಿಸದ ಆ ಪ್ರಾರ್ಥನೆ ದೇವರಿಗೆ ಕೇಳಿಸಿತು. ಪ್ರವಾದಿ ಸಮುವೇಲ ಆ ಪ್ರಾರ್ಥನೆಯ ಮಗ.

ಹಾಗಾದರೆ ಪುನಃ ಪುನಃ ಹೇಳುವ ಜಪಸರ ವ್ಯರ್ಥವೇ ಎಂದು ಕೆಲವರು ಕೇಳುತ್ತಾರೆ. ಗೆತ್ಸೆಮನಿ ತೋಪಿನಲ್ಲಿ ಯೇಸುಸ್ವಾಮಿ ಮೂರನೆಯ ಸಲವೂ ಅದೇ ಮಾತುಗಳಿಂದ ಪ್ರಾರ್ಥಿಸಿದರೆಂದು ಸಂತ ಮತ್ತಾಯರು ಸ್ಪಷ್ಟವಾಗಿ ಬರೆದಿದ್ದಾರೆ. ಮಾತು ಅದೇ ಆಗಿರುವುದು ದೋಷವಲ್ಲ, ಮನಸ್ಸು ಬೇರೆ ಕಡೆಗೆ ಹೋಗುವುದನ್ನು ಲೆಕ್ಕಿಸದಿರುವುದೇ ದೋಷ. ತಾಯಿ ಮಗುವಿಗೆ ಪ್ರತಿದಿನ ಅದೇ ಮುದ್ದುಮಾತನ್ನು ಹೇಳುತ್ತಾಳೆ, ಮಗು ಬೇಸರಪಡುವುದಿಲ್ಲ.

ಪ್ರಾಮಾಣಿಕ ಪ್ರಾರ್ಥನೆಗೆ ಇನ್ನೊಂದು ಒರೆಗಲ್ಲಿದೆ. ಏಳನೆಯ ಶತಮಾನದ ಆರಂಭದಲ್ಲಿ ಅಲೆಕ್ಸಾಂಡ್ರಿಯಾ ನಗರದ ಧರ್ಮಪಾಲಕರಾಗಿದ್ದ ಸಂತ ಯೊವಾನ್ನರು ತಮ್ಮ ದಾನಶೀಲತೆಗೆ ಹೆಸರಾದವರು. ಅವರ ಜೀವನಚರಿತ್ರೆಯಲ್ಲಿ ಒಂದು ಪ್ರಸಂಗವಿದೆ. ಆ ನಗರದ ಪ್ರಮುಖನೊಬ್ಬ ಮತ್ತೊಬ್ಬನ ಮೇಲೆ ಹಗೆ ಸಾಧಿಸುತ್ತಿದ್ದ. ಎಷ್ಟು ಬುದ್ಧಿ ಹೇಳಿದರೂ ಕ್ಷಮಿಸಲೊಲ್ಲ. ಧರ್ಮಪಾಲಕರು ಅವನನ್ನು ತಮ್ಮ ಮನೆಯ ಪ್ರಾರ್ಥನಾಮಂದಿರಕ್ಕೆ ಬಲಿಪೂಜೆಗೆ ಕರೆಸಿದರು. ಯೇಸುಸ್ವಾಮಿ ಕಲಿಸಿದ ಪ್ರಾರ್ಥನೆಯನ್ನು ಎಲ್ಲರೂ ಒಟ್ಟಿಗೆ ಹೇಳುತ್ತಾ ಕ್ಷಮೆಯ ಬೇಡಿಕೆಗೆ ಬಂದಾಗ ಧರ್ಮಪಾಲಕರು ಮೌನವಾದರು, ಉಳಿದವರಿಗೂ ಮೌನವಾಗಿರುವಂತೆ ಸನ್ನೆ ಮಾಡಿದರು. ತನಗೆ ತಪ್ಪುಮಾಡಿದವರನ್ನು ತಾನು ಕ್ಷಮಿಸಿದಂತೆ ತನ್ನನ್ನೂ ಕ್ಷಮಿಸಬೇಕೆಂಬ ಮಾತನ್ನು ಆ ಪ್ರಮುಖನೊಬ್ಬನೇ ನಿಶ್ಶಬ್ದದ ನಡುವೆ ಉಚ್ಚರಿಸಬೇಕಾಯಿತು. ಎಂತಹ ಸಮಯದಲ್ಲಿ ದೇವರಿಗೆ ಎಂತಹ ಮಾತು ಕೊಡುತ್ತಿರುವೆ ನೋಡು ಎಂದು ಧರ್ಮಪಾಲಕರು ಮೆಲ್ಲಗೆ ಎಚ್ಚರಿಸಿದರು. ಅವನ ಎದೆ ಕರಗಿತು, ಹಗೆ ಅಲ್ಲಿಗೇ ಮುಗಿಯಿತು.

ಬಂಧುಗಳೇ, ಗದ್ದೆಯ ಬದುವಿಗಾಗಿ, ಹಿರಿಯರ ಮನೆಯ ಒಂದು ಕೋಣೆಗಾಗಿ, ಮದುವೆಯ ಸಮಯದಲ್ಲಿ ಆಡಿದ ಒಂದು ಮಾತಿಗಾಗಿ ವರ್ಷಗಟ್ಟಲೆ ಮಾತು ಬಿಟ್ಟ ಅಣ್ಣತಮ್ಮಂದಿರು ನಮ್ಮಲ್ಲಿಲ್ಲವೇ? ಒಂದೇ ಪೂಜೆಯಲ್ಲಿ ಬೇರೆ ಬೇರೆ ಸಾಲುಗಳಲ್ಲಿ ಕುಳಿತು ಅದೇ ಪ್ರಾರ್ಥನೆಯನ್ನು ಇಬ್ಬರೂ ಹೇಳುತ್ತೇವೆ. ಸುತ್ತಲಿನವರೆಲ್ಲ ಒಮ್ಮೆ ಮೌನವಾದರೆ ಆ ಮಾತನ್ನು ಒಬ್ಬರೇ ಹೇಳುವ ಧೈರ್ಯ ನಮಗಿದೆಯೇ?

ಏಕಾಂತದ ಪ್ರಾರ್ಥನೆ

ಪ್ರಾರ್ಥಿಸುವಾಗ ಕೋಣೆಗೆ ಹೋಗಿ ಬಾಗಿಲು ಮುಚ್ಚಿಕೊಂಡು ಗುಪ್ತವಾಗಿ ನೋಡುವ ತಂದೆಯನ್ನು ಪ್ರಾರ್ಥಿಸಬೇಕೆಂಬುದು ಯೇಸುಸ್ವಾಮಿಯ ಬೋಧನೆ. ಒಂದೇ ಕೋಣೆಯಲ್ಲಿ ಐದಾರು ಮಂದಿ ವಾಸಿಸುವ ಮನೆಯವರು ಎಲ್ಲಿಗೆ ಹೋಗಬೇಕು? ಬಾಗಿಲುಳ್ಳ ಕೋಣೆ ಇಲ್ಲದವರಿಗೂ ಮುಚ್ಚಿಕೊಳ್ಳಬಲ್ಲ ಹೃದಯವೆಂಬ ಕೋಣೆ ಇದ್ದೇ ಇದೆ. ನೀರು ಸೇದುವಾಗ, ಬಸ್ಸಿಗೆ ಕಾಯುವಾಗ, ಕಾರ್ಖಾನೆಯ ರಾತ್ರಿಪಾಳಿಗೆ ನಡೆಯುವಾಗ ಒಂದು ಚಿಕ್ಕ ಜಪ ಸಾಕು. ಹದಿನೇಳನೆಯ ಶತಮಾನದಲ್ಲಿ ಪ್ಯಾರಿಸಿನ ಕಾರ್ಮೆಲ್ ಮಠದ ಅಡುಗೆಮನೆಯಲ್ಲಿ ದುಡಿದ ಸಹೋದರ ಲಾರೆನ್ಸ್ ಎಂಬವರು ಪಾತ್ರೆಗಳ ಸದ್ದಿನ ನಡುವೆಯೂ ದೇವರ ಸಾನ್ನಿಧ್ಯದಲ್ಲಿ ನೆಲೆಸುವುದನ್ನು ಅಭ್ಯಾಸ ಮಾಡಿಕೊಂಡರು. ಅಡುಗೆಮನೆಯೂ ಅವರಿಗೆ ಗುಡಿಯಾಯಿತು. ಈ ಮಾತನ್ನು ನಮ್ಮ ತಾಯಂದಿರಿಗೆ ವಿಶೇಷವಾಗಿ ಹೇಳುತ್ತಿದ್ದೇವೆ. ಆದರೆ ಗಂಡಸರಾದ ನಾವು ಇದನ್ನೇ ನೆಪ ಮಾಡಿಕೊಂಡು, ಮನೆಯ ಪ್ರಾರ್ಥನೆಯ ಭಾರವನ್ನೆಲ್ಲ ಹೆಂಗಸರ ಮೇಲೆ ಹೊರಿಸಿ ಕೈತೊಳೆದುಕೊಳ್ಳಬಾರದು.

ಗೃಹ ಧರ್ಮಸಭೆ

ಒಬ್ಬೊಬ್ಬರ ಪ್ರಾರ್ಥನೆ ಬೇರು. ಕುಟುಂಬದ ಪ್ರಾರ್ಥನೆ ಅದರಿಂದ ಏಳುವ ಮರ. ಹಳೆಯ ಒಡಂಬಡಿಕೆಯ ತೊಬೀತನ ಗ್ರಂಥದಲ್ಲಿ ತೊಬೀಯನೂ ಸಾರಳೂ ತಮ್ಮ ಮದುವೆಯ ರಾತ್ರಿಯನ್ನು ಆರಂಭಿಸಿದ್ದು ಇಬ್ಬರೂ ಜೊತೆಯಾಗಿ ಮಾಡಿದ ಪ್ರಾರ್ಥನೆಯಿಂದ. ಪ್ರೇಷಿತರ ಕಾರ್ಯಕಲಾಪಗಳಲ್ಲಿ ಶತಾಧಿಪತಿ ಕೊರ್ನೇಲಿಯು ಮನೆಮಂದಿಯೊಂದಿಗೆ ದೇವರಲ್ಲಿ ಭಯಭಕ್ತಿಯಿಂದ ಬಾಳಿದವನು. ಅವನ ಮನೆಯ ಮೂಲಕವೇ ಅನ್ಯಜನರಿಗೆ ವಿಶ್ವಾಸದ ಬಾಗಿಲು ತೆರೆಯಿತು. ನಾಲ್ಕನೆಯ ಶತಮಾನದಲ್ಲಿಯೇ ಸಂತ ಕ್ರಿಸೊಸ್ತೊಮರು ನಿಮ್ಮ ಮನೆಯನ್ನು ಒಂದು ಚಿಕ್ಕ ಧರ್ಮಸಭೆಯನ್ನಾಗಿ ಮಾಡಿರಿ ಎಂದು ಜನರಿಗೆ ಬೋಧಿಸಿದ್ದರು. ದ್ವಿತೀಯ ವ್ಯಾಟಿಕನ್ ಮಹಾಸಭೆ 1964ರಲ್ಲಿ ಧರ್ಮಸಭೆಯನ್ನು ಕುರಿತು ಹೊರಡಿಸಿದ ತನ್ನ ಸಂವಿಧಾನದಲ್ಲಿ ಇದೇ ಭಾವನೆಯನ್ನು ಎತ್ತಿಹಿಡಿದು, ಕ್ರೈಸ್ತ ಕುಟುಂಬವನ್ನು ಗೃಹ ಧರ್ಮಸಭೆ ಎಂದು ಕರೆಯಿತು. ಮಕ್ಕಳಿಗೆ ವಿಶ್ವಾಸವನ್ನು ಮೊದಲು ಸಾರುವವರು ತಂದೆತಾಯಿಗಳೇ ಎಂದು ನೆನಪಿಸಿತು. ಆರನೆಯ ಪೌಲ್ ಜಗದ್ಗುರುಗಳು 1974ರಲ್ಲಿ ಮಾತೆ ಮರಿಯಳ ಭಕ್ತಿಯನ್ನು ಕುರಿತ ತಮ್ಮ ಪತ್ರದಲ್ಲಿ ಕುಟುಂಬದ ಜಪಸರವನ್ನು ವಿಶೇಷವಾಗಿ ಪ್ರೋತ್ಸಾಹಿಸಿದರು. ಎರಡನೆಯ ಜಾನ್ ಪಾಲ್ ಜಗದ್ಗುರುಗಳು 1981ರಲ್ಲಿ ಕುಟುಂಬವನ್ನು ಕುರಿತು ಬರೆದ ಪ್ರೇಷಿತ ಪತ್ರದಲ್ಲಿ, ತಂದೆತಾಯಿಗಳು ಮಕ್ಕಳೊಡನೆ ಕೂಡಿ ಪ್ರಾರ್ಥಿಸಿದಾಗ ಮಾತ್ರ ಆ ಸಂಸ್ಕಾರ ಮಕ್ಕಳ ಹೃದಯದ ಆಳಕ್ಕೆ ಇಳಿಯುತ್ತದೆ, ಮುಂದಿನ ಜೀವನದ ಯಾವ ಘಟನೆಯೂ ಅದನ್ನು ಅಳಿಸಲಾರದು ಎಂಬ ಅಭಿಪ್ರಾಯವನ್ನು ವ್ಯಕ್ತಪಡಿಸಿದರು.

ಅವರು ಇದನ್ನು ತಮ್ಮ ಜೀವನದಿಂದಲೇ ಬಲ್ಲವರಾಗಿದ್ದರು. 1929ರಲ್ಲಿ, ಒಂಬತ್ತು ವರ್ಷ ತುಂಬುವ ಮುನ್ನವೇ ಆ ಬಾಲಕ ತಾಯಿಯನ್ನು ಕಳೆದುಕೊಂಡ. 1932ರಲ್ಲಿ ಒಬ್ಬನೇ ಅಣ್ಣನೂ ತೀರಿಕೊಂಡ. ಉಳಿದವರು ತಂದೆ ಮಗ ಇಬ್ಬರೇ. ರಾತ್ರಿ ಕೆಲವೊಮ್ಮೆ ಎಚ್ಚರವಾದಾಗ ತಂದೆ ಮೊಣಕಾಲೂರಿ ಪ್ರಾರ್ಥಿಸುತ್ತಿರುವುದು ಮಗನ ಕಣ್ಣಿಗೆ ಬೀಳುತ್ತಿತ್ತು. ಗುರುಜೀವನದ ಬಗೆಗೆ ತಂದೆ ಮಗನಿಗೆ ಉಪದೇಶ ಮಾಡಿದ್ದಿಲ್ಲ. ಆದರೆ ಆ ಮನೆಯೇ ತಮಗೆ ಮೊದಲ ಗುರುಮಠವಾಗಿತ್ತೆಂದು ಜಗದ್ಗುರುಗಳು ಮುಂದೆ ನೆನೆದರು. ದುಃಖದಿಂದ ನಲುಗಿದ ಒಬ್ಬ ತಂದೆಯ ಮೌನ ಪ್ರಾರ್ಥನೆಯಿಂದ ಧರ್ಮಸಭೆಗೆ ಒಬ್ಬ ಸಂತರು ದೊರೆತರು. ಲಿಸ್ಯೂವಿನ ಕಿರಿಯ ತೆರೇಸಾ (1873–1897) ಕೂಡ ತಂದೆ ಪ್ರಾರ್ಥಿಸುವಾಗ ಅವರ ಮುಖವನ್ನು ನೋಡಿಯೇ ಸಂತರು ಹೇಗೆ ಪ್ರಾರ್ಥಿಸುತ್ತಾರೆಂಬುದನ್ನು ಅರಿತೆನೆಂದು ಬರೆದಿಟ್ಟಿದ್ದಾರೆ. ಅವರ ತಂದೆ ಲೂಯಿ, ತಾಯಿ ಝೆಲೀ ಇಬ್ಬರನ್ನೂ 2015ರ ಅಕ್ಟೋಬರ್ 18ರಂದು ಜೊತೆಯಾಗಿಯೇ ಸಂತಪದವಿಗೇರಿಸಲಾಯಿತು. ಗಡಿಯಾರದ ಅಂಗಡಿ ನಡೆಸಿದ ಗಂಡ, ಕಸೂತಿಯ ಉದ್ಯಮ ನಡೆಸಿದ ಹೆಂಡತಿ. ನಮ್ಮಂತೆಯೇ ಸಂಸಾರಿಗಳು.

ಗುರುಗಳಿಲ್ಲದ ಕಾಲದಲ್ಲಿ

ಕುಟುಂಬ ಪ್ರಾರ್ಥನೆಯ ಶಕ್ತಿ ಎಷ್ಟೆಂಬುದನ್ನು ಇತಿಹಾಸವೇ ಸಾರುತ್ತದೆ. ಜಪಾನ್ ದೇಶದಲ್ಲಿ 1614ರಲ್ಲಿ ಕ್ರೈಸ್ತ ಧರ್ಮವನ್ನು ನಿಷೇಧಿಸಿ ಗುರುಗಳನ್ನು ಹೊರದೂಡಲಾಯಿತು. ಉಳಿದವರು ಹಿಂಸೆಗೆ ಗುರಿಯಾಗಿ ಪ್ರಾಣ ತೆತ್ತರು. ಇನ್ನೂರಕ್ಕೂ ಹೆಚ್ಚು ವರ್ಷಗಳ ಕಾಲ ಅಲ್ಲಿ ಗುಡಿಯಿಲ್ಲ, ಗುರುಗಳಿಲ್ಲ, ಬಲಿಪೂಜೆಯಿಲ್ಲ. 1865ರ ಮಾರ್ಚ್ 17ರಂದು ನಾಗಸಾಕಿಯಲ್ಲಿ ಹೊಸದಾಗಿ ಕಟ್ಟಿದ್ದ ದೇವಾಲಯಕ್ಕೆ ಹತ್ತಿರದ ಉರಕಾಮಿ ಹಳ್ಳಿಯ ಕೆಲವರು ಬಂದರು. ಅಲ್ಲಿದ್ದ ಫ್ರೆಂಚ್ ಗುರು ಪೆತಿಜಾನ್ ಅವರ ಕಿವಿಯ ಬಳಿ ಒಬ್ಬ ಹೆಂಗಸು ತಮ್ಮೆಲ್ಲರ ಹೃದಯವೂ ಅವರ ಹೃದಯದಂತೆಯೇ ಎಂದು ತಿಳಿಸಿ, ಮಾತೆ ಮರಿಯಳ ಪ್ರತಿಮೆ ಎಲ್ಲಿದೆಯೆಂದು ಕೇಳಿದಳು. ಏಳು ತಲೆಮಾರುಗಳ ಕಾಲ ತಾಯಿಯಿಂದ ಮಗಳಿಗೆ, ತಂದೆಯಿಂದ ಮಗನಿಗೆ ಪಿಸುದನಿಯಲ್ಲಿ ಹಸ್ತಾಂತರವಾದ ಜಪವೇ ಆ ವಿಶ್ವಾಸವನ್ನು ಕಾಪಾಡಿತ್ತು. ಪೆತಿಜಾನ್ ಅವರು ಸೇರಿದ್ದ ಪ್ಯಾರಿಸಿನ ವಿದೇಶ ಮಿಷನ್ ಸಂಸ್ಥೆಯ ಗುರುಗಳೇ ನಮ್ಮ ಮೈಸೂರು ಸೀಮೆಯಲ್ಲಿಯೂ ಬಹುಕಾಲ ಸೇವೆ ಸಲ್ಲಿಸಿದರು ಎಂಬುದನ್ನು ಇಲ್ಲಿ ನೆನೆಯಬಹುದು.

ಇನ್ನೂ ಹತ್ತಿರದ ಉದಾಹರಣೆ ಬೇಕೆಂದರೆ ಸಂತ ಜೋಸೆಫ್ ವಾಜ್ (1651–1711) ಅವರನ್ನು ನೋಡೋಣ. ಗೋವೆಯಲ್ಲಿ ಹುಟ್ಟಿ, 1681ರಿಂದ ಕೆಲವು ವರ್ಷ ನಮ್ಮ ಕನ್ನಡ ಕರಾವಳಿಯ ಕ್ರೈಸ್ತರ ನಡುವೆ ದುಡಿದ ಈ ಗುರುಗಳು 1687ರಲ್ಲಿ ಸಿಂಹಳಕ್ಕೆ ಹೋದರು. ಡಚ್ಚರ ಆಳ್ವಿಕೆಯಲ್ಲಿ ಅಲ್ಲಿ ಕಥೋಲಿಕ ಗುರುಗಳಿಗೆ ಪ್ರವೇಶವಿರಲಿಲ್ಲ. ಭಿಕ್ಷುಕನ ವೇಷದಲ್ಲಿ, ಕೊರಳಲ್ಲಿ ಜಪಸರ ಧರಿಸಿ ಅವರು ಮನೆಮನೆಯ ಬಾಗಿಲಲ್ಲಿ ನಿಂತರು. ಆ ಜಪಸರವನ್ನು ಕಂಡು ಯಾರ ಮುಖ ಅರಳಿತೋ ಅವರೇ ಕ್ರೈಸ್ತರು. ಬಂಧುಗಳೇ, ಅಂತಹ ಭಿಕ್ಷುಕರೊಬ್ಬರು ಇಂದು ಸಂಜೆ ಏಳು ಗಂಟೆಗೆ ನಮ್ಮ ಬೀದಿಯಲ್ಲಿ ನಡೆದು ಬಂದರೆ, ಯಾವ ಯಾವ ಮನೆ ಕ್ರೈಸ್ತರದೆಂದು ಅವರು ಹೇಗೆ ಗುರುತಿಸಬೇಕು? ಬಾಗಿಲ ಮೇಲಿನ ಶಿಲುಬೆಯಿಂದಲೋ, ಒಳಗಿನಿಂದ ಕೇಳಿಬರುವ ಸದ್ದಿನಿಂದಲೋ?

ನಮ್ಮ ಇಂದಿನ ಸ್ಥಿತಿ

ನಮ್ಮ ಬಾಲ್ಯದಲ್ಲಿ ಸಂಜೆಯ ಗಂಟೆ ಬಾರಿಸಿದೊಡನೆ ಹೊಲದ ದಾರಿಯಲ್ಲಿದ್ದವರೂ ನಿಂತು ತ್ರಿಕಾಲ ಪ್ರಾರ್ಥನೆ ಹೇಳುತ್ತಿದ್ದರು. ಕೈಕಾಲು ತೊಳೆದು ದೀಪ ಹಚ್ಚಿ ಎಲ್ಲರೂ ಯೇಸುವಿನ ಪವಿತ್ರ ಹೃದಯದ ಚಿತ್ರದ ಮುಂದೆ ಸೇರುತ್ತಿದ್ದೆವು. ಜಪ ಮುಗಿದ ಮೇಲೆ ಮಕ್ಕಳು ಹಿರಿಯರಿಗೆ ಸ್ತೋತ್ರ ಹೇಳಿ ಆಶೀರ್ವಾದ ಪಡೆದ ಬಳಿಕವೇ ಊಟ. ಹಗಲು ಬೈಗುಳ ತಿಂದ ಮಗನೂ ಬೈದ ತಂದೆಯೂ ರಾತ್ರಿ ಒಬ್ಬರನ್ನೊಬ್ಬರು ಮುಟ್ಟುತ್ತಿದ್ದುದು ಆ ಆಶೀರ್ವಾದದ ಸಮಯದಲ್ಲಿ. ಎಷ್ಟೋ ಜಗಳಗಳು ಅಲ್ಲಿಯೇ ಮುಗಿದುಹೋಗುತ್ತಿದ್ದವು.

ಆ ಕಾಲದಲ್ಲಿ ಎಲ್ಲವೂ ಚೆನ್ನಾಗಿತ್ತೆಂದು ನಾವು ಹೇಳುವುದಿಲ್ಲ. ಹೆದರಿಕೆಯಿಂದ ಮಾಡಿದ ಜಪವೂ ಇತ್ತು. ಜಪ ಮುಗಿಸಿದೊಡನೆ ಹೆಂಡದಂಗಡಿಗೆ ನಡೆದವರೂ ಇದ್ದರು. ಆದರೆ ಆ ಪದ್ಧತಿಯನ್ನು ಕೈಬಿಟ್ಟವರು ನಾವು, ನಮ್ಮ ತಲೆಮಾರಿನವರು. ಕಾಲ ಬದಲಾಯಿತು ಎನ್ನುತ್ತೇವೆ. ಬೆಂಗಳೂರಿನ ದೂರದ ಕೆಲಸದಿಂದ ರಾತ್ರಿ ಒಂಬತ್ತಕ್ಕೆ ಮನೆ ಸೇರುವವರ ಆಯಾಸ ಸುಳ್ಳಲ್ಲ. ಮಕ್ಕಳ ಪಾಠಪ್ರವಚನಗಳ ಒತ್ತಡವೂ ಸುಳ್ಳಲ್ಲ. ಆದರೂ ದಿನದಲ್ಲಿ ಹದಿನೈದು ನಿಮಿಷ ಇಲ್ಲವೆನ್ನುವವರು ಮೊಬೈಲಿನ ಮುಂದೆ ಎಷ್ಟು ಹೊತ್ತು ಕಳೆಯುತ್ತೇವೆ ಎಂದು ಪ್ರಾಮಾಣಿಕವಾಗಿ ಲೆಕ್ಕ ಹಾಕಬೇಕು. ಜಪ ಮಾಡಿದೆಯಾ ಎಂದು ಮಕ್ಕಳನ್ನು ಗದರಿಸುವ ನಾವು ಅವರ ಜೊತೆ ಮೊಣಕಾಲೂರಿ ಎಷ್ಟು ದಿನವಾಯಿತು? ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ಮಕ್ಕಳನ್ನು ಕುರಿತು ಹೇಳುತ್ತೇವೆ. ಮೊದಲು ಬಗ್ಗಬೇಕಾದ ಮರಗಳು ನಾವೇ.

ಕೇಳಿದ್ದು ದೊರೆಯದಾಗ

ಕೆಲವರು ಪ್ರಾರ್ಥನೆಯನ್ನು ಬಿಟ್ಟದ್ದು ಸೋಮಾರಿತನದಿಂದಲ್ಲ, ನೋವಿನಿಂದ. ಕಣ್ಣೀರಿಟ್ಟು ಬೇಡಿದರೂ ಮಗು ಉಳಿಯಲಿಲ್ಲ, ಗಂಡನ ಕುಡಿತ ಬಿಡಲಿಲ್ಲ, ಮಗನಿಗೆ ಕೆಲಸ ಸಿಗಲಿಲ್ಲ. ಅಂತಹವರಿಗೆ ಸುಲಭದ ಸಮಾಧಾನ ಹೇಳಲು ನಮಗೆ ಬಾಯಿ ಬಾರದು. ಗೆತ್ಸೆಮನಿಯಲ್ಲಿ ಯೇಸುಸ್ವಾಮಿಯೂ ಆ ಪಾತ್ರೆ ತಮ್ಮಿಂದ ತೊಲಗಲೆಂದು ಬೇಡಿದರು, ಅದು ತೊಲಗಲಿಲ್ಲ ಎಂಬುದನ್ನು ಮಾತ್ರ ನೆನಪಿಸಬಲ್ಲೆವು. ಸಂತ ಪೌಲರು ತಮ್ಮ ದೇಹದ ಮುಳ್ಳು ನೀಗಲೆಂದು ಮೂರು ಸಲ ಬೇಡಿದರು. ಅವರಿಗೆ ದೊರೆತದ್ದು ಬಿಡುಗಡೆಯಲ್ಲ, ತಾಳಿಕೊಳ್ಳುವ ವರಪ್ರಸಾದ. ಸಂತ ಮೋನಿಕಾ ದಾರಿತಪ್ಪಿದ ಮಗನಿಗಾಗಿ ವರ್ಷಾನುಗಟ್ಟಲೆ ಅತ್ತರು. ಮಗ ಆಫ್ರಿಕದಿಂದ ರೋಮಿಗೆ ಹೊರಟಾಗ ಅವನನ್ನು ತಡೆಯಬೇಕೆಂದು ರಾತ್ರಿಯೆಲ್ಲ ಪ್ರಾರ್ಥಿಸಿದರು. ಅವನು ತಾಯಿಯನ್ನು ವಂಚಿಸಿ ಹಡಗು ಹತ್ತಿದ. ಆ ರಾತ್ರಿಯ ಪ್ರಾರ್ಥನೆ ವಿಫಲವಾದಂತೆಯೇ ಕಂಡಿತು. ಆದರೆ ಅದೇ ಪ್ರಯಾಣ ಅವನನ್ನು ಮಿಲಾನಿನ ಸಂತ ಅಂಬ್ರೋಸರ ಬಳಿಗೆ ಕರೆದೊಯ್ದಿತು. 387ರ ಪಾಸ್ಕದ ರಾತ್ರಿ ಅಗಸ್ಟೀನ ದೀಕ್ಷಾಸ್ನಾನ ಪಡೆದ. ಆ ವರ್ಷವೇ ತಾಯಿ ಕಣ್ಣುಮುಚ್ಚಿದರು.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ಹೊಡೆಸಿಕೊಳ್ಳುವ ಹೆಣ್ಣಿಗೆ, ಪ್ರಾರ್ಥನೆ ಮಾಡಿಕೊಂಡು ಸುಮ್ಮನಿರು ಎಂದು ಹೇಳುವುದು ಕ್ರೈಸ್ತ ಉಪದೇಶವಲ್ಲ. ಪ್ರಾರ್ಥನೆ ಅನ್ಯಾಯಕ್ಕೆ ಹೊದಿಸುವ ಮುಸುಕಾಗಬಾರದು. ನಿಜವಾಗಿ ಪ್ರಾರ್ಥಿಸುವ ನೆರೆಯವರು ಆ ಮನೆಯ ಬಾಗಿಲು ತಟ್ಟುತ್ತಾರೆ.

ನಾವು ಏನು ಮಾಡಬಹುದು?

ದೊಡ್ಡ ಯೋಜನೆಗಳು ಬೇಡ. ಪ್ರತಿಯೊಂದು ಮನೆಯಲ್ಲಿಯೂ ಎಲ್ಲರಿಗೂ ಒಪ್ಪುವ ಒಂದು ಸಮಯವನ್ನು ಗೊತ್ತುಮಾಡಿಕೊಳ್ಳೋಣ. ಆ ಹೊತ್ತಿನಲ್ಲಿ ಟೆಲಿವಿಷನ್ ಮೌನವಾಗಿರಲಿ. ಇಡೀ ಜಪಸರ ಸಾಧ್ಯವಾಗದಿದ್ದರೆ ಹತ್ತು ಮಣಿಗಳಿಂದಲೇ ಆರಂಭಿಸೋಣ. ಬೇಸರದಿಂದ ಹೇಳಿದ ಐವತ್ತಕ್ಕಿಂತ ಭಕ್ತಿಯಿಂದ ಹೇಳಿದ ಹತ್ತು ಲೇಸು. ಶುಭಸಂದೇಶದಿಂದ ನಾಲ್ಕು ಸಾಲುಗಳನ್ನು ಒಂದು ದಿನ ಮಗ ಓದಲಿ, ಒಂದು ದಿನ ಮಗಳು ಓದಲಿ. ಕಾಯಿಲೆಯವರನ್ನು, ತೀರಿಕೊಂಡವರನ್ನು, ಕೆಲಸ ಹುಡುಕುತ್ತಿರುವವರನ್ನು ಹೆಸರು ಹಿಡಿದು ನೆನೆಯೋಣ. ಅನ್ಯಧರ್ಮದ ನೆರೆಹೊರೆಯವರ ಕಷ್ಟಸುಖಗಳೂ ಆ ಪ್ರಾರ್ಥನೆಯಲ್ಲಿ ಸೇರಲಿ. ಜೊತೆಗೆ, ಆ ದಿನ ಯಾರನ್ನಾದರೂ ನೋಯಿಸಿದ್ದರೆ ಪ್ರಾರ್ಥನೆಗೆ ಮೊದಲು ಕ್ಷಮೆ ಕೇಳುವುದನ್ನು ರೂಢಿಸಿಕೊಳ್ಳೋಣ. ತಂದೆ ಮಗನ ಕ್ಷಮೆ ಕೇಳಿದರೆ ತಂದೆಯ ಗೌರವ ಕುಂದುವುದಿಲ್ಲ.

ಮಕ್ಕಳು ದೂರದ ಊರುಗಳಲ್ಲಿ, ಕೊಲ್ಲಿ ದೇಶಗಳಲ್ಲಿ ಇರುವ ಮನೆಗಳೂ ನಮ್ಮಲ್ಲಿ ಹಲವಿವೆ. ನಮ್ಮ ಸಮಯವನ್ನು ಕದಿಯುವ ಅದೇ ಮೊಬೈಲ್ ಇಲ್ಲಿ ಉಪಕಾರಿಯಾಗಬಲ್ಲುದು. ವಾರಕ್ಕೊಮ್ಮೆಯಾದರೂ ದೂರವಾಣಿಯಲ್ಲಿಯೇ ತಾಯಿ ಮೊದಲಿನ ಅರ್ಧ ಹೇಳಲಿ, ಮಗ ಅಲ್ಲಿಂದ ಉತ್ತರ ಕೊಡಲಿ.

ಐರ್ಲೆಂಡಿನಲ್ಲಿ ಹುಟ್ಟಿದ ಗುರು ಪ್ಯಾಟ್ರಿಕ್ ಪೇಟನ್ (1909–1992) ಅವರು 1942ರಲ್ಲಿ ಅಮೆರಿಕದಲ್ಲಿ ಕುಟುಂಬ ಜಪಸರದ ಆಂದೋಲನವನ್ನು ಆರಂಭಿಸಿ ದೇಶದೇಶಗಳಲ್ಲಿ ಸಾರಿದ್ದು ಇದನ್ನೇ: ಕೂಡಿ ಪ್ರಾರ್ಥಿಸುವ ಕುಟುಂಬ ಕೂಡಿ ಬಾಳುತ್ತದೆ. ಅದೇ ಮಾತನ್ನು ನಮ್ಮ ಧರ್ಮಕೇಂದ್ರಕ್ಕೂ ಅನ್ವಯಿಸೋಣ.

ಪ್ರಿಯ ಬಂಧುಗಳೇ, ಇನ್ನ ನೂರು ವರ್ಷಗಳ ಮೇಲೆ ಇಲ್ಲಿ ಯಾರು ನೆರೆಯುವರೋ ನಮಗೆ ಗೊತ್ತಿಲ್ಲ. ನಾವು ಬಳಿದ ಬಣ್ಣ ಅಷ್ಟರಲ್ಲಿ ಮಾಸಿರುತ್ತದೆ, ಶಿಲಾಫಲಕದ ಹೆಸರುಗಳು ಅಳಿಸಿರಬಹುದು. ಅಂದು ಇಲ್ಲಿ ದೀಪ ಉರಿಯಬೇಕಾದರೆ ಇಂದು ನಮ್ಮ ಮನೆಗಳಲ್ಲಿ ದೀಪ ಹತ್ತಬೇಕು. ಆದುದರಿಂದ ಇಂದಿನ ಸಮಾರಂಭ ಮುಗಿಸಿ ಮನೆಗೆ ಹೋದಾಗ, ಎರಡೂ ಅರ್ಧಗಳನ್ನು ತಾವೇ ಹೇಳಿಕೊಳ್ಳುತ್ತಿರುವ ಆ ಹಿರಿಯರ ಪಕ್ಕದಲ್ಲಿ ಹೋಗಿ ಮೊಣಕಾಲೂರೋಣ. ಅವರು ಮೊದಲಿನ ಅರ್ಧವನ್ನು ಹೇಳಲಿ. ಉತ್ತರವನ್ನು ನಾವು ಹೇಳೋಣ.

ನಜರೇತಿನ ಪವಿತ್ರ ಕುಟುಂಬವು ನಮ್ಮ ಕುಟುಂಬಗಳನ್ನು ಕಾಪಾಡಲಿ. ಪಿತ, ಸುತ, ಪವಿತ್ರಾತ್ಮರ ಆಶೀರ್ವಾದ ನಮ್ಮೆಲ್ಲರ ಮೇಲಿರಲಿ. ಆಮೆನ್.